ಆ ಒಂದು ಪೀರಿಯಡ್ ಟೈಮ್‌ಟೇಬಲ್‌ಗೆ ಬರಲಿ: ಶಿಕ್ಷಣ ಸಚಿವರಿಗೂ ಆರೋಗ್ಯ ಸಚಿವರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ, ಮಾನ್ಯ ಆರೋಗ್ಯ ಸಚಿವರಿಗೆ, ನಮಸ್ಕಾರ.

ನಾನು ತುಮಕೂರು ಜಿಲ್ಲೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಸೈನ್ಸ್ ಪಾಠ ಮಾಡಿ ರಿಟೈರ್ ಆಗಿರೋ ಟೀಚರ್. ಇಬ್ರಿಗೂ ಸೇರಿಸಿ ಯಾಕೆ ಬರೀತಿದೀನಿ ಅಂದ್ರೆ, ನಾನು ಹೇಳೋ ವಿಷಯ ಎರಡು ಇಲಾಖೆಗೂ ಸೇರಿದ್ದು, ಎರಡಕ್ಕೂ ಸೇರಿದ್ದಾಗಿರೋದ್ರಿಂದಾನೇ ಅದನ್ನ ಯಾರೂ ತಮ್ಮದು ಅಂತ ಕೈಗೆ ತಗೊಂಡಿಲ್ಲ. ಎಂಟು, ಒಂಬತ್ತು, ಹತ್ತನೇ ಕ್ಲಾಸ್ ಮಕ್ಕಳ ಜೊತೆ ಅವರ ಮೈ, ಮನಸ್ಸು, ಊಟ, ನಿದ್ದೆ, ಭಯ ಇದೆಲ್ಲದರ ಬಗ್ಗೆ ವಾರಕ್ಕೆ ಒಂದು ಗಂಟೆ ಕೂತು ಮಾತಾಡಬೇಕು ಅಂತ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ 2020ರಲ್ಲೇ ಬರೆದಿದೆ. ಪ್ರತಿ ಸ್ಕೂಲಿಗೆ ಇಬ್ರು ಟೀಚರ್, ಆದಷ್ಟೂ ಒಬ್ರು ಗಂಡಸು ಒಬ್ರು ಹೆಂಗಸು, ಅವರಿಗೆ ಟ್ರೈನಿಂಗು, ಮಾತಾಡೋಕೆ 11 ವಿಷಯ, ಎಲ್ಲಾ ಅದರಲ್ಲೇ ಇದೆ. ಅದು ಶುರುವಾಗ್ತಿದ್ದ ಹಾಗೇ ಕೊರೋನಾ ಬಂತು, ಸ್ಕೂಲ್ ಮುಚ್ಚಿದ್ವು, ಆಮೇಲೆ ಸ್ಕೂಲ್ ತೆರೆದ್ವು, ಆದ್ರೆ ಆ ಒಂದು ಗಂಟೆ ಮಾತ್ರ ನಾನು ನೋಡಿದ ಯಾವ ಹೈಸ್ಕೂಲಿನ ಟೈಮ್‌ಟೇಬಲ್‌ನಲ್ಲೂ ಕಾಣಲಿಲ್ಲ. ಕೆಲವು ಕಡೆ ಟ್ರೈನಿಂಗ್ ಆಗಿದೆ, ಪುಸ್ತಕ ಬಂದಿದೆ, ಅದು ಬೀರೂಲಿ ಇದೆ. ಹಾಗಾಗಿ ನಾನು ಹೊಸ ಯೋಜನೆ ಏನೂ ಕೇಳ್ತಾ ಇಲ್ಲ, ಇರೋ ಆ ಗಂಟೇನ ಮಕ್ಕಳಿಗೆ ಕೊಡಿಸಿ ಅಂತ ಕೇಳ್ತಿದೀನಿ.

ಆ ಗಂಟೇಲಿ ಏನು ಮಾತಾಡೋದು ಅಂತ ಕೇಳೋರಿದಾರೆ, ಅವರಿಗೆ ಮಕ್ಕಳೇ ಉತ್ತರ ಕೊಡ್ತಾರೆ. ನಾನು ಕೆಲಸದಲ್ಲಿದ್ದಾಗ ಲ್ಯಾಬ್ ಬೀರು ಮೇಲೆ ಒಂದು ಹಳೇ ಡಬ್ಬ ಇಟ್ಟು, ಹೆಸರು ಬರೀಬೇಡಿ, ಏನು ಕೇಳಬೇಕೋ ಚೀಟೀಲಿ ಬರೆದು ಹಾಕಿ ಅಂತ ಹೇಳಿದ್ದೆ. ಬಂದಿದ್ದ ಚೀಟಿಗಳು ಹೀಗಿರ್ತಿದ್ವು: "ನಮ್ ಕ್ಲಾಸಲ್ಲಿ ಎಲ್ರಿಗೂ ಆಗಿದೆ, ನಂಗೆ ಇನ್ನೂ ಆಗಿಲ್ಲ, ಮುಂದೆ ಮಕ್ಳಾಗಲ್ವಾ ಮೇಡಂ." "ಮುಟ್ಟಾದಾಗ ತಲೆಗೆ ನೀರು ಹಾಕ್ಕೊಂಡ್ರೆ ರಕ್ತ ನಿಂತೋಗುತ್ತಾ." "ನನ್ ಗಂಟಲು ಒಡೆದೋಗಿದೆ, ಪ್ರೇಯರಲ್ಲಿ ನಾಡಗೀತೆ ಹೇಳೋಕೆ ಕರೀಬೇಡಿ." "ರಾತ್ರಿ ಚಡ್ಡಿ ಒದ್ದೆ ಆಗುತ್ತೆ, ಶಕ್ತಿ ಎಲ್ಲಾ ಹೋಗುತ್ತಂತೆ ನಿಜಾನಾ." "ಅಮ್ಮ ಮೊದ್ಲಿನ ಥರ ನನ್ ಜೊತೆ ಮಾತಾಡಲ್ಲ, ಬರೀ ಬೈತಾರೆ." ಇದರಲ್ಲಿ ಮುಕ್ಕಾಲು ಪಾಲು ಪ್ರಶ್ನೆಗೆ ಎರಡು ನಿಮಿಷದಲ್ಲಿ ಉತ್ತರ ಹೇಳಬಹುದು. ಹೆಣ್ಣುಮಕ್ಕಳಲ್ಲಿ ಬದಲಾವಣೆ 8ರಿಂದ 13 ವರ್ಷದೊಳಗೆ, ಗಂಡುಮಕ್ಕಳಲ್ಲಿ 9ರಿಂದ 14ರೊಳಗೆ ಯಾವಾಗ ಬೇಕಾದ್ರೂ ಶುರುವಾಗಬಹುದು, ಒಂದೇ ಬೆಂಚಲ್ಲಿ ಕೂತಿರೋ ಇಬ್ರ ಮಧ್ಯೆ ನಾಲ್ಕು ವರ್ಷ ವ್ಯತ್ಯಾಸ ಇದ್ರೂ ಇಬ್ರೂ ಸರಿಯಾಗೇ ಇದಾರೆ, 15 ತುಂಬಿದ್ರೂ ಮುಟ್ಟಾಗಿಲ್ಲ ಅಂದ್ರೆ ಆಗ ಡಾಕ್ಟರಿಗೆ ತೋರಿಸಿದ್ರೆ ಸಾಕು. ಇಷ್ಟು ಹೇಳಿದ್ರೆ ಒಂದು ಹುಡುಗಿ ಆವತ್ತು ರಾತ್ರಿ ನೆಮ್ಮದಿಯಾಗಿ ಮಲಗ್ತಾಳೆ, ಹೇಳೋರಿಲ್ಲ ಅಂದ್ರೆ ಅವಳು ವರ್ಷಗಟ್ಟಲೆ ಇದನ್ನ ಒಳಗೇ ಇಟ್ಕೊಂಡು ಓಡಾಡ್ತಾಳೆ.

ಗಂಡುಮಕ್ಕಳ ವಿಷಯ ನಾನು ಇಲ್ಲಿ ಸ್ವಲ್ಪ ಜಾಸ್ತೀನೇ ಬರೀತೀನಿ, ಯಾಕಂದ್ರೆ ಹದಿಹರೆಯ ಅಂದ ತಕ್ಷಣ ನಮ್ಮ ಕಾರ್ಯಕ್ರಮಗಳೆಲ್ಲ ಹೆಣ್ಣುಮಕ್ಕಳನ್ನ ಒಂದು ರೂಮಿಗೆ ಕರ್ಕೊಂಡು ಹೋಗಿ ಬಾಗಿಲು ಹಾಕ್ಕೊಂಡು ಮುಟ್ಟಿನ ಬಗ್ಗೆ ಹೇಳಿ, ಹುಡುಗರನ್ನ ಗ್ರೌಂಡಿಗೆ ಕಳಿಸಿಬಿಡುತ್ತೆ. ಹುಡುಗರಿಗೆ ಹೇಳೋರು ಯಾರು? ನಮ್ಮ ಕ್ಲಾಸಲ್ಲಿ ಒಬ್ಬ ಒಂಬತ್ತನೇ ಕ್ಲಾಸ್ ಹುಡುಗ ಇದ್ದ, ಕಬಡ್ಡೀಲಿ ಒಳ್ಳೇ ರೈಡರ್, ಇದ್ದಕ್ಕಿದ್ದ ಹಾಗೆ ಆಟ ಬಿಟ್ಟ, ಬಿಸಿಲಲ್ಲೂ ಶರ್ಟ್ ಮೇಲೆ ಸ್ವೆಟರ್ ಹಾಕ್ಕೊಂಡು ಕೈಕಟ್ಟಿ ಕೂರೋಕೆ ಶುರು ಮಾಡ್ದ. ಪಿಟಿ ಮೇಷ್ಟ್ರು ಮೊದಲು ಗದರಿಸಿದ್ರು, ಆಮೇಲೆ ಪಕ್ಕಕ್ಕೆ ಕರೆದು ಮೆತ್ತಗೆ ಕೇಳಿದಾಗ ಗೊತ್ತಾಯ್ತು, ಅವನಿಗೆ ಎದೆ ಹತ್ರ ಸಣ್ಣ ಗಂಟಿನ ಥರ ಊತ ಬಂದಿತ್ತು, ಮುಟ್ಟಿದ್ರೆ ನೋವು, ತನಗೆ ಕ್ಯಾನ್ಸರೋ ಇಲ್ಲಾ ತಾನು ಹೆಣ್ಣಾಗ್ತಿದೀನೋ ಅಂತ ಅವನು ಒಳಗೊಳಗೇ ಬೆಂದು ಹೋಗಿದ್ದ. ಈ ವಯಸ್ಸಲ್ಲಿ ಹಾರ್ಮೋನ್ ಏರುಪೇರಿಂದ ಹೆಚ್ಚುಕಮ್ಮಿ ಅರ್ಧದಷ್ಟು ಹುಡುಗರಿಗೆ ಹೀಗೆ ಆಗುತ್ತೆ, ಒಂದೆರಡು ವರ್ಷದಲ್ಲಿ ಬಹುತೇಕ ತಾನಾಗೇ ಇಳಿಯುತ್ತೆ, ಕಮ್ಮಿಯಾಗದೆ ದೊಡ್ಡದಾಗ್ತಾನೇ ಹೋದ್ರೆ ಮಾತ್ರ ತೋರಿಸಬೇಕು. ಮೇಷ್ಟ್ರು ಅವನನ್ನ ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಹೋದ್ರು, ಡಾಕ್ಟರು ನೋಡಿ ಇದನ್ನೇ ಹೇಳಿ ಕಳಿಸಿದ್ರು. ಹುಡುಗ ಮತ್ತೆ ಕಬಡ್ಡಿಗೆ ಬಂದ. ಆ ಮೇಷ್ಟ್ರು ಗಮನಿಸಿದ್ರು ಅಂತ ಆಯ್ತು, ಅಂಥ ಮೇಷ್ಟ್ರು ಸಿಗದೇ ಇರೋ ಹುಡುಗರ ಗತಿ ಏನು.

ಅವರಿಗೆ ಉತ್ತರ ಕೊಡೋದು ಬಸ್ ಸ್ಟ್ಯಾಂಡ್ ಗೋಡೆ. ನೀವೂ ನೋಡಿರ್ತೀರಿ, ತುಮಕೂರಿಂದ ಪಾವಗಡದ ಕಡೆಗೆ ಹೋಗೋ ದಾರೀಲಿ ಗೋಡೆ ಮೇಲೆ, ಮೈಲಿಗಲ್ಲಿನ ಮೇಲೆ, ಮೂತ್ರಾಲಯದ ಒಳಗೆ "ಗುಪ್ತರೋಗ, ಧಾತುನಷ್ಟ, ನರದೌರ್ಬಲ್ಯ" ಅಂತ ಬರೆದು ಕೆಳಗೆ ಫೋನ್ ನಂಬರ್ ಇರುತ್ತೆ. ನಿದ್ದೇಲಿ ವೀರ್ಯ ಹೋಗೋದು ಈ ವಯಸ್ಸಿನ ಸಹಜ ಕ್ರಿಯೆ, ಅದರಿಂದ ಶಕ್ತೀನೂ ಹೋಗಲ್ಲ, ಬುದ್ಧೀನೂ ಮಂಕಾಗಲ್ಲ, ಕಣ್ಣೂ ಹೋಗಲ್ಲ. ಇಷ್ಟನ್ನ ನಾವು ಕ್ಲಾಸಲ್ಲಿ ಹೇಳದೇ ಇರೋದ್ರಿಂದ ಹುಡುಗರು ಆ ನಂಬರಿಗೆ ಫೋನ್ ಮಾಡಿ, ಅಪ್ಪನ ಜೇಬಿಂದ ದುಡ್ಡು ತೆಗೆದು, ಯಾವುದೋ ಪುಡಿ ತರಿಸ್ಕೋತಾರೆ. ಈಗ ಗೋಡೆಗಿಂತ ಜಾಸ್ತಿ ಮೊಬೈಲು. ಅಲ್ಲಿ ಅವರು ನೋಡೋ ವಿಡಿಯೋಗಳಿಂದ ಹೆಣ್ಣನ್ನ ಹೇಗೆ ನೋಡಬೇಕು, ಹೇಗೆ ನಡೆಸ್ಕೋಬೇಕು ಅಂತ ಕಲೀತಿದಾರೆ, ಆ ಕಲಿಕೆ ನನಗೆ ಆ ಪುಡಿಗಿಂತಲೂ ಭಯ ಹುಟ್ಟಿಸುತ್ತೆ. ಹುಡುಗರಿಗೆ ನಾವು ಹೇಳಿಕೊಡದೆ ಹುಡುಗೀರ ಸುರಕ್ಷತೆ ಬಗ್ಗೆ ಎಷ್ಟು ಜಾಥಾ ಮಾಡಿದ್ರೂ ಅಷ್ಟೇ.

ಇನ್ನು ಹೆಣ್ಣುಮಕ್ಕಳ ವಿಷಯ. ನಮ್ಮ ಕಡೆ ಹುಡುಗಿ ದೊಡ್ಡೋಳಾದ್ಲು ಅಂದ್ರೆ ಸೊಪ್ಪಿನ ಗುಡ್ಲು ಹಾಕಿ, ಆರತಿ ಮಾಡಿ, ಕೊಬ್ಬರಿ ಬೆಲ್ಲ ಎಳ್ಳು ತುಪ್ಪ ಅಂತ ತಿನ್ನಿಸ್ತಾರೆ, ಆ ತಿನ್ನಿಸೋದನ್ನ ನಾನು ಯಾವತ್ತೂ ತಪ್ಪು ಅನ್ನಲ್ಲ, ಆ ಪ್ರೀತಿ ಬೇಕು. ಆದ್ರೆ ಅದೇ ಹುಡುಗೀಗೆ ಮುಂದಿನ ತಿಂಗಳಿಂದ ಒಳಗೆ ಬರಬೇಡ, ಅದು ಮುಟ್ಟಬೇಡ ಶುರುವಾಗುತ್ತೆ, ನಮ್ಮ ಜಿಲ್ಲೆ ಮತ್ತೆ ಚಿತ್ರದುರ್ಗದ ಕೆಲವು ಹಟ್ಟಿಗಳಲ್ಲಿ ಆ ದಿನಗಳಲ್ಲಿ ಊರ ಹೊರಗೇ ಇರಬೇಕಾದ ಪರಿಸ್ಥಿತಿ ಇನ್ನೂ ಪೂರ್ತಿ ಹೋಗಿಲ್ಲ. ಸ್ಕೂಲಿಗೆ ಬಂದ್ರೆ ಪ್ಯಾಡ್ ಇರಬೇಕು, ಬಾಗಿಲಿಗೆ ಚಿಲಕ ಇರೋ ಶೌಚಾಲಯ ಇರಬೇಕು, ನಲ್ಲೀಲಿ ನೀರಿರಬೇಕು, ಬಿಸಾಕೋಕೆ ಮುಚ್ಚಳ ಇರೋ ಡಬ್ಬ ಇರಬೇಕು. ಶುಚಿ ಯೋಜನೇಲಿ ಪ್ಯಾಡ್ ಕೊಡೋದು ಮಧ್ಯೆ ಕೆಲವು ವರ್ಷ ನಿಂತೇಹೋಗಿತ್ತು, 2024ರಲ್ಲಿ ಮತ್ತೆ ಶುರು ಮಾಡಿದ್ರಿ, ತುಂಬಾ ಒಳ್ಳೇದಾಯ್ತು. ನಿಂತಿದ್ದ ಆ ವರ್ಷಗಳಲ್ಲಿ ತಿಂಗಳಿಗೆ ಮೂರ್ನಾಲ್ಕು ದಿನ ಹಾಜರಿ ಪುಸ್ತಕದಲ್ಲಿ ಆಬ್ಸೆಂಟ್ ಬೀಳ್ತಿದ್ದ ಹುಡುಗೀರನ್ನ ನಾವು ನೋಡಿದೀವಿ, ಮತ್ತೆ ಹಾಗೆ ನಿಲ್ಲಿಸಬೇಡಿ ಅಂತ ಕೈಮುಗಿದು ಕೇಳ್ತೀನಿ.

ರಕ್ತಹೀನತೆ ವಿಷಯದಲ್ಲಿ ಒಂದು ಸಣ್ಣ ಸಂಗತಿ ಹೇಳ್ತೀನಿ, ಯಾಕೆ ಮಾತಾಡೋ ಪೀರಿಯಡ್ ಬೇಕು ಅನ್ನೋದು ಇದರಲ್ಲೇ ಗೊತ್ತಾಗುತ್ತೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದ್ರೆ 2019-21ರದ್ದು, ಅದರ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 59 ಜನಕ್ಕೆ, ಅದೇ ವಯಸ್ಸಿನ ಹುಡುಗರಲ್ಲಿ ಶೇ. 31 ಜನಕ್ಕೆ ರಕ್ತಹೀನತೆ ಇದೆ. ಅದಕ್ಕೇ ಸ್ಕೂಲಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡೋದು, 60 ಮಿಲಿಗ್ರಾಂ ಕಬ್ಬಿಣಾಂಶ, ಜೊತೆಗೆ ಫೋಲಿಕ್ ಆಮ್ಲ, ಹುಡುಗರಿಗೂ ಹುಡುಗೀರಿಗೂ. ಸೋಮವಾರ ಬಿಸಿಯೂಟ ಆದ್ಮೇಲೆ ಮಾತ್ರೆ ಹಂಚ್ತೀವಿ, ಮಕ್ಕಳು ನಮ್ಮೆದುರಿಗೆ ಬಾಯಿಗೆ ಹಾಕ್ಕೊಂಡು ದವಡೇಲಿ ಇಟ್ಕೊಂಡು ನಲ್ಲಿ ಹತ್ರ ಹೋಗಿ ಉಗುಳ್ತಾರೆ, ಕೈತೊಳೆಯೋ ತೊಟ್ಟಿ ಮೂಲೇಲಿ ನೀಲಿ ನೀಲಿ ಚೂರು ಬಿದ್ದಿರ್ತಿತ್ತು. ಬೈದ್ರೆ ನಿಲ್ಲಲಿಲ್ಲ. ಯಾಕ್ರೋ ಅಂತ ಕೂರಿಸ್ಕೊಂಡು ಕೇಳಿದಾಗ ಒಬ್ಬೊಬ್ರದ್ದೇ ಹೊರಗೆ ಬಂತು: ಒಬ್ಬಳು ಉಪವಾಸ ಇದ್ದ ದಿನ ನುಂಗಿ ವಾಂತಿ ಮಾಡ್ಕೊಂಡಿದ್ಲು, ಒಬ್ಬನಿಗೆ ಮಾರನೇ ದಿನ ಕಕ್ಕಸು ಕಪ್ಪಗೆ ಬಂದು ಹೆದರಿಕೆ ಆಗಿತ್ತು, ಇನ್ನೊಬ್ಬಳ ಅಜ್ಜಿ ಅದು ಮಕ್ಳಾಗದಿರೋ ಮಾತ್ರೆ ಅಂತ ಹೇಳಿದ್ರು. ಊಟ ಆದ್ಮೇಲೇ ತಗೋಬೇಕು, ಕಪ್ಪಗೆ ಬರೋದು ಕಬ್ಬಿಣದ್ದು, ಅದರಿಂದ ಏನೂ ಆಗಲ್ಲ, ಮಾತ್ರೆ ಜೊತೆ ಟೀ ಹಾಲು ಕುಡೀಬೇಡಿ, ನಿಂಬೆಹಣ್ಣೋ ನೆಲ್ಲಿಕಾಯೋ ತಿಂದ್ರೆ ಕಬ್ಬಿಣ ಮೈಗೆ ಚೆನ್ನಾಗಿ ಹಿಡಿಯುತ್ತೆ ಅಂತ ಬೋರ್ಡ್ ಮೇಲೆ ಚಿತ್ರ ಬರೆದು ಹೇಳಿದ್ಮೇಲೆ ಬಹಳಷ್ಟು ಮಕ್ಕಳು ನುಂಗೋಕೆ ಶುರು ಮಾಡಿದ್ರು. ಮಾತ್ರೆಗೆ ಸರ್ಕಾರ ದುಡ್ಡು ಹಾಕಿದೆ, ಸಾಗಣೆಗೆ ಹಾಕಿದೆ, ರಿಜಿಸ್ಟರ್‌ಗೆ ಹಾಕಿದೆ, ಅದನ್ನ ಯಾಕೆ ನುಂಗಬೇಕು ಅಂತ ಮಗೂಗೆ ಹೇಳೋಕೆ ಬೇಕಾದ ಅರ್ಧ ಗಂಟೇನ ಮಾತ್ರ ಯಾರೂ ಕೊಟ್ಟಿಲ್ಲ.

ಮನಸ್ಸಿನ ವಿಷಯಕ್ಕೆ ಬಂದ್ರೆ ಪರಿಸ್ಥಿತಿ ಇನ್ನೂ ಕಷ್ಟ. ಒಂದು ಸಲ ಆ ಡಬ್ಬದಲ್ಲಿ "ಸಾಯ್ಬೇಕು ಅನ್ಸುತ್ತೆ, ಯಾಕೆ ಅಂತ ಗೊತ್ತಿಲ್ಲ" ಅಂತ ಒಂದು ಚೀಟಿ ಬಂತು. ಹೆಸರಿಲ್ಲ. ನಾನು ಆವತ್ತು ಪಾಠ ನಿಲ್ಲಿಸಿ ಮೂರೂ ಕ್ಲಾಸಿಗೆ ಹೋಗಿ, ಹೀಗೆ ಅನ್ಸೋದು ಹುಚ್ಚಲ್ಲ, ಇದಕ್ಕೆ ಸಹಾಯ ಇದೆ, ಯಾರಿಗೆ ಹೀಗೆ ಅನ್ಸಿದ್ರೂ ನನ್ನ ಹತ್ರಾನೋ ಮನೇಲಿ ನಂಬಿಕೆ ಇರೋ ಒಬ್ರ ಹತ್ರಾನೋ ಹೇಳಿ, ಇಲ್ಲಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡ್ತಾರೆ ಅಂತ ಹೇಳಿ ನಂಬರನ್ನ ಬೋರ್ಡ್ ಮೂಲೇಲಿ ಬರೆದು ಅಳಿಸಬೇಡಿ ಅಂದೆ. ಎರಡು ದಿನ ಆದ್ಮೇಲೆ ಮಗು ತಾನಾಗೇ ಬಂತು. ಅದು ಯಾರು, ಏನು ಅನ್ನೋದು ಇಲ್ಲಿ ಬೇಡ, ಈಗ ಚೆನ್ನಾಗಿದೆ. ಮನಸ್ಸಿನ ಕಾಯಿಲೆಗಳಲ್ಲಿ ಅರ್ಧದಷ್ಟು 18ರೊಳಗೆ, ಮೂರನೇ ಒಂದು ಭಾಗ 14ನೇ ವಯಸ್ಸಿನೊಳಗೇ ಶುರುವಾಗುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, 14 ಅಂದ್ರೆ ನಮ್ಮ ಎಂಟು ಒಂಬತ್ತನೇ ಕ್ಲಾಸು. 2022ರಲ್ಲಿ ಶುರುವಾದ ಟೆಲಿ ಮಾನಸ್‌ಗೆ ಇಡೀ ದೇಶದ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್, ಅಂಥ ಸಂಸ್ಥೆ ಇರೋ ರಾಜ್ಯದ ಮಕ್ಕಳಿಗೆ ಆ ನಂಬರೇ ಗೊತ್ತಿಲ್ಲ ಅಂದ್ರೆ ಸಂಕಟ ಆಗುತ್ತೆ.

ಈ ವಯಸ್ಸಲ್ಲಿ ಮೆದುಳಿನಲ್ಲಿ ಸಿಟ್ಟು, ಖುಷಿ, ಆಸೆ ಹುಟ್ಟೋ ಭಾಗ ಮೊದಲು ಚುರುಕಾಗುತ್ತೆ, ತಡೆದು ಯೋಚಿಸೋ ಮುಂಭಾಗ ಪೂರ್ತಿ ಬಲಿಯೋಕೆ 25 ವರ್ಷದವರೆಗೂ ಹಿಡಿಯುತ್ತೆ. ಹಾಗಾಗಿ ಬಾಗಿಲು ಧಡಾರಂತ ಹಾಕೋದು, ಫ್ರೆಂಡ್ಸ್ ಏನಂದ್ರು ಅನ್ನೋದಕ್ಕೆ ಊಟ ಬಿಡೋದು ಕೊಬ್ಬಲ್ಲ. ನಿದ್ದೇನೂ ಅಷ್ಟೇ, ಹದಿಹರೆಯದಲ್ಲಿ ನಿದ್ದೆ ಬರೋ ಹೊತ್ತೇ ಗಂಟೆ ಎರಡು ಗಂಟೆ ಮುಂದಕ್ಕೆ ಹೋಗುತ್ತೆ, 8ರಿಂದ 10 ಗಂಟೆ ನಿದ್ದೆ ಬೇಕು. ನಾವೇನು ಮಾಡ್ತಿದೀವಿ? ಎಸ್ಸೆಸ್ಸೆಲ್ಸಿ ರಿಸಲ್ಟಲ್ಲಿ ಜಿಲ್ಲೆ ಎಷ್ಟನೇ ಸ್ಥಾನ ಅಂತ ಬೆಳಗ್ಗೆ ಸ್ಪೆಷಲ್ ಕ್ಲಾಸು, ಸಂಜೆ ಸ್ಪೆಷಲ್ ಕ್ಲಾಸು, ಬೆಳಗಿನ ಜಾವ ಮಕ್ಕಳು ಎದ್ದಿದಾರಾ ಅಂತ ಮೇಷ್ಟ್ರುಗಳಿಂದ ಫೋನು, ಪಿಟಿ ಪೀರಿಯಡ್ ಗಣಿತಕ್ಕೆ. ಹತ್ತನೇ ಕ್ಲಾಸ್ ಮಗು ಓಡಾಡಿ ಆಡೋದೇ ನಿಂತೋಗಿದೆ. ಮೂಳೆ ಗಟ್ಟಿಯಾಗೋ ವಯಸ್ಸು ಇದೇ, ಈಗ ಆಗದೇ ಇದ್ದಿದ್ದು ಮುಂದೆ ಅಷ್ಟು ಸುಲಭವಾಗಿ ಆಗಲ್ಲ.

ಕಾನೂನಿನ ವಿಷಯ ಮಕ್ಕಳಿಗೆ ಯಾರೂ ಹೇಳದೇ ಇರೋದು ನನಗೆ ಎಲ್ಲಕ್ಕಿಂತ ಅನ್ಯಾಯ ಅನ್ಸುತ್ತೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ 2012ರ ಪೋಕ್ಸೋ ಕಾಯ್ದೆ ಪ್ರಕಾರ 18ರ ಒಳಗೆ ಲೈಂಗಿಕ ಸಂಬಂಧಕ್ಕೆ ಒಪ್ಪಿಗೆ ಅನ್ನೋದೇ ಲೆಕ್ಕಕ್ಕಿಲ್ಲ, ವಿಷಯ ಗೊತ್ತಾದ ಟೀಚರಾಗ್ಲಿ ಡಾಕ್ಟರಾಗ್ಲಿ ತಿಳಿಸಲೇಬೇಕು. ಹದಿನೇಳರ ಹುಡುಗ ಹದಿನಾರರ ಹುಡುಗಿ ಇಷ್ಟಪಟ್ಟು ಓಡಿಹೋದ್ರೆ ಹುಡುಗನ ಮೇಲೆ ಏನು ಕೇಸ್ ಬೀಳುತ್ತೆ ಅಂತ ಆ ಹುಡುಗನಿಗೂ ಗೊತ್ತಿರಲ್ಲ ಅವನಪ್ಪನಿಗೂ ಗೊತ್ತಿರಲ್ಲ. ಮನೆಯವರೇ, ಸಂಬಂಧಿಕರೇ ತೊಂದ್ರೆ ಕೊಡ್ತಿದ್ರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು ಅಂತ ಆ ಮಗೂಗೂ ಗೊತ್ತಿರಲ್ಲ. ಈ ಕಾಯ್ದೆಯ 43ನೇ ಕಲಮು ಇದನ್ನ ಜನಕ್ಕೆ, ಮಕ್ಕಳಿಗೆ ತಿಳಿಸೋದು ಸರ್ಕಾರದ ಜವಾಬ್ದಾರಿ ಅಂತಾನೇ ಹೇಳುತ್ತೆ. ಬಾಲ್ಯವಿವಾಹ ಮಾಡಿದ್ರೆ ಆ ಮದುವೆ ಮೊದಲಿಂದಲೇ ಅಸಿಂಧು ಅಂತ ನಮ್ಮ ರಾಜ್ಯ ತಿದ್ದುಪಡಿ ತಂದು ದೇಶಕ್ಕೇ ಮಾದರಿ ಆಯ್ತು. ಆದ್ರೂ ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ಶೇ. 21 ಜನಕ್ಕೆ 18 ತುಂಬೋಕೆ ಮುಂಚೇನೇ ಮದುವೆ ಆಗಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ರಿಸಲ್ಟ್ ಬರೋ ಮಧ್ಯದ ಬೇಸಿಗೆ ರಜೇಲಿ ಹುಡುಗೀರು ಮಾಯ ಆಗ್ತಾರೆ, ಆ ರಜಕ್ಕೆ ಮುಂಚೆ ಅವರ ಜೊತೆ ಯಾರಾದ್ರೂ ಕೂತು ಮಾತಾಡಿರಬೇಕು.

ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಅಂತಾನೇ ಸ್ನೇಹ ಕ್ಲಿನಿಕ್ ಇದಾವೆ, 2014ರಲ್ಲಿ ಬಂದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಭಾಗ. ಒಳ್ಳೇ ಯೋಚನೆ. ಆದ್ರೆ ಮಗು ಸ್ಕೂಲಲ್ಲಿರೋ ಹೊತ್ತಲ್ಲೇ ಅದೂ ತೆರೆದಿರುತ್ತೆ, ಹೋಗಬೇಕು ಅಂದ್ರೆ ಬಸ್ಸಿಗೆ ದುಡ್ಡು ಕೇಳಬೇಕು, ಯಾಕೆ ಅಂತ ಮನೇಲಿ ಹೇಳಬೇಕು, ಅಲ್ಲಿ ಚೀಟಿ ಬರೆಯೋರು ಪಕ್ಕದ ಬೀದಿಯವರೇ ಆಗಿರ್ತಾರೆ. ಆ ಕೌನ್ಸಿಲರ್ ತಿಂಗಳಿಗೊಮ್ಮೆ ಸ್ಕೂಲಿಗೇ ಬಂದ್ರೆ, ಅದೇ ಪೀರಿಯಡಲ್ಲಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ.

ಇದನ್ನೆಲ್ಲ ಹೇಳಿಕೊಟ್ರೆ ಮಕ್ಕಳು ಕೆಟ್ಟೋಗ್ತಾರೆ ಅಂತ ಗಲಾಟೆ ಮಾಡೋರ ಮಾತು ಕೇಳಿ 2007ರಲ್ಲಿ ಹದಿಹರೆಯದ ಶಿಕ್ಷಣ ಬೇಡ ಅಂದ ರಾಜ್ಯಗಳಲ್ಲಿ ನಮ್ಮದೂ ಒಂದು. 2025ರಲ್ಲಿ ಸರ್ಕಾರವೇ 8ರಿಂದ 12ನೇ ತರಗತಿಗೆ ಲೈಂಗಿಕ ಶಿಕ್ಷಣ ತರ್ತೀವಿ ಅಂತ ಹೇಳಿದಾಗ ನನಗೆ ಎಷ್ಟು ಸಂತೋಷ ಆಯ್ತು ಅಂದ್ರೆ ಹಳೇ ಸಹೋದ್ಯೋಗಿಗಳಿಗೆಲ್ಲ ಫೋನ್ ಮಾಡಿ ಹೇಳಿದೆ. ಅಪ್ಪ ಅಮ್ಮಂದ್ರು ಒಪ್ಪಲ್ಲ ಅನ್ನೋ ಭಯ ಬೇಡ. ಪೋಷಕರ ಸಭೇಲಿ ನಾನು ಈ ವಿಷಯ ತೆಗೆದಾಗ ಹಿಂದೆ ಸೆರಗು ಹೊದ್ದು ಕೂತಿದ್ದ ಒಬ್ಬ ತಾಯಿ, ಕೂಲಿಗೆ ಹೋಗೋರು, ಎದ್ದು ನಿಂತು "ನಮ್ಗೆ ನಮ್ಮವ್ವ ಹೇಳ್ಲಿಲ್ಲ, ನಮ್ಗೂ ಹೇಳೋಕೆ ಬಾಯಿ ಬರಲ್ಲ, ನೀವಾದ್ರೂ ಹೇಳ್ರವ್ವ" ಅಂದ್ರು. ಪಾಠ ಮಾಡೋಕೆ ಹೆದರೋರು ಟೀಚರುಗಳು. ಎಂಟನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲಿ ಹದಿಹರೆಯದ ಪಾಠ ಇದೆ, ಎಷ್ಟೋ ಕಡೆ ಅದನ್ನ ಮನೇಲಿ ಓದ್ಕೊಳಿ ಅಂತ ಬಿಟ್ಟು ಮುಂದಿನ ಪಾಠಕ್ಕೆ ಹೋಗ್ತಾರೆ, ನಾಳೆ ಯಾರಾದ್ರೂ ವಿಡಿಯೋ ಮಾಡಿ ಹಾಕಿದ್ರೆ ಇಲಾಖೆ ತಮ್ಮ ಪರ ನಿಲ್ಲಲ್ಲ ಅನ್ನೋ ಭಯ ಅವರಿಗೆ. ಅವರನ್ನ ನಾನು ಬೈಯಲ್ಲ, ಭಯ ನಿಜ.

ಹಾಗಾಗಿ ಎರಡೂ ಇಲಾಖೆಯಿಂದ ಸೇರಿ ಒಂದೇ ಒಂದು ಸುತ್ತೋಲೆ ಹೊರಡಿಸಿ. ವಾರಕ್ಕೆ ಒಂದು ಪೀರಿಯಡ್ 8, 9, 10 ಮೂರೂ ಕ್ಲಾಸಿಗೆ ಟೈಮ್‌ಟೇಬಲ್‌ನಲ್ಲಿ ಬರೆದಿರಬೇಕು, ಅದನ್ನ ಬೇರೆ ಸಬ್ಜೆಕ್ಟಿಗೆ ತಗೋಬಾರದು, ಹತ್ತನೇ ಕ್ಲಾಸಲ್ಲಂತೂ ತಗೋಲೇಬಾರದು. ಟ್ರೈನಿಂಗ್ ಆಗಿರೋ ಇಬ್ರು ಟೀಚರ್ ಹೆಸರು ನೋಟಿಸ್ ಬೋರ್ಡಲ್ಲಿ ಇರಬೇಕು, ಮಗೂಗೆ ಯಾರ ಹತ್ರ ಹೋಗಬೇಕು ಅಂತ ಗೊತ್ತಾಗಬೇಕು. ಪಠ್ಯದ ಪ್ರಕಾರ ಪಾಠ ಮಾಡಿದ ಟೀಚರ್ ಮೇಲೆ ದೂರು ಬಂದ್ರೆ ಇಲಾಖೆ ಅವರ ಜೊತೆ ನಿಲ್ಲುತ್ತೆ ಅಂತ ಅದರಲ್ಲೇ ಬರೀರಿ. ಹುಡುಗರನ್ನ ಗ್ರೌಂಡಿಗೆ ಕಳಿಸೋ ಹಾಗಿಲ್ಲ ಅಂತಾನೂ ಬರೀರಿ. ಬಿಇಒ, ಅಂದ್ರೆ ಕ್ಷೇತ್ರ ಶಿಕ್ಷಣಾಧಿಕಾರಿ ಅವರು ಸ್ಕೂಲ್ ವಿಸಿಟಿಗೆ ಬಂದಾಗ ರಿಜಿಸ್ಟರ್ ಕೇಳೋದು ಬಿಟ್ಟು ನಾಲ್ಕು ಮಕ್ಕಳನ್ನ ಕರೆದು 14416 ಯಾವುದರ ನಂಬರ್ ಅಂತ ಕೇಳಲಿ, ಪೀರಿಯಡ್ ನಡೀತಿದೆಯೋ ಇಲ್ವೋ ಅಲ್ಲೇ ಗೊತ್ತಾಗುತ್ತೆ.

ಮೇ ಕೊನೇಲಿ ಸ್ಕೂಲ್ ಶುರುವಾಗುತ್ತೆ, ಮೊದಲ ವಾರದಲ್ಲೇ ಹೆಡ್ ಮಾಸ್ಟ್ರು ಟೈಮ್‌ಟೇಬಲ್ ಹಾಕಿಬಿಡ್ತಾರೆ. ಸುತ್ತೋಲೆ ಅದಕ್ಕೆ ಮುಂಚೆ ಬರಬೇಕು. ಜೂನ್ ಆದ್ಮೇಲೆ ಬಂದ್ರೆ ಖಾಲಿ ಪೀರಿಯಡ್ ಯಾವುದೂ ಉಳಿದಿರಲ್ಲ, ಇನ್ನೊಂದು ವರ್ಷದ ಮಕ್ಕಳು ಹಾಗೇ ಪಾಸಾಗಿ ಹೋಗ್ತಾರೆ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕಿ
ತುಮಕೂರು ಜಿಲ್ಲೆ